ಅದಿರು ಕಂಡ ಕವಿ

ಒಂದು ಹಾಡು ಹುಟ್ಟಿದ್ದು ಹೇಗೆ ಎಂದು ಕೇಳುವಾಗ ನಾವು ಏನಾದರೊಂದು ಘಟನೆಗಾಗಿ ತಡಕಾಡುತ್ತೇವೆ. ಯಾರದೋ ಸಾವು, ಕೈತಪ್ಪಿದ ಪ್ರೀತಿ, ಮಳೆಗಾಲದ ಪ್ರಯಾಣ. ನವೆಂಬರ್ ಬಂತೆಂದರೆ ಶಾಲೆಯಿಂದ ಆಟೋ ನಿಲ್ದಾಣದವರೆಗೆ ಮೊಳಗುವ ‘ನಿತ್ಯೋತ್ಸವ’ದ ಮೂಲವನ್ನು ಮಾತ್ರ ಕವಿಯ ಕಸುಬಿನಲ್ಲಿ ಹುಡುಕಬೇಕು ಎಂದು ನನಗನ್ನಿಸುತ್ತದೆ.

ಅದನ್ನು ಬರೆದ ಕೆ.ಎಸ್. ನಿಸಾರ್ ಅಹಮದ್ ಭೂವಿಜ್ಞಾನ ಓದಿದವರು. ಕಲಬುರಗಿಯಲ್ಲಿ ಭೂವಿಜ್ಞಾನಿಯಾಗಿ ದುಡಿದು, ಆಮೇಲೆ ಮೇಷ್ಟ್ರಾಗಿ ಅದನ್ನೇ ಪಾಠ ಹೇಳಿದರು. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲೂ ಇದ್ದರು. ಸಹ್ಯಾದ್ರಿಯನ್ನು ಹೊಗಳಿದ ಕವಿಗಳಿಗೆ ನಮ್ಮಲ್ಲಿ ಕೊರತೆಯೇ? ಮಂಜು, ಹಸಿರು, ಹಕ್ಕಿ, ಜಡಿಮಳೆ ಎಲ್ಲವೂ ಬಂದುಹೋಗಿವೆ. ನಿಸಾರರ ಹಾಡಿನಲ್ಲಿ ಜೋಗ, ತುಂಗೆಗಳ ಬೆನ್ನಿಗೇ ಲೋಹದ ಅದಿರು ಬರುತ್ತದೆ. ತೇಗ, ಗಂಧದ ಸರದಿ ಆಮೇಲೆ. ಅದಿರೆಂದರೆ ಗಣಿ, ಲಾರಿ, ಕುಲುಮೆಗಳ ಮಾತು. ನಾಡಿನ ಉತ್ಸವಕ್ಕೆ ಅದನ್ನೂ ಕರೆದು ಕೂರಿಸಬೇಕಾದರೆ ಬೆಟ್ಟದ ಕಲ್ಲನ್ನು ಒಡೆದು ಒಳಗಿನ ಕೆಂಪನ್ನು ಕಂಡ ಕಣ್ಣೇ ಬೇಕು. ಶಿವಮೊಗ್ಗದ ಪಕ್ಕದಲ್ಲೇ ಭದ್ರಾವತಿ. ಕೆಮ್ಮಣ್ಣುಗುಂಡಿಯ ಅದಿರು ಅಲ್ಲಿನ ಕಾರ್ಖಾನೆಯಲ್ಲಿ 1923ರಿಂದಲೇ ಕರಗಿ ಕಬ್ಬಿಣವಾಗುತ್ತಿತ್ತು. ಜೋಗದ ಮಾತು ಬಂದಾಗಲೂ ಕವಿ ಬೆಳಕನ್ನು ನೆನೆಯುತ್ತಾರೆ. ಶರಾವತಿ ನಮ್ಮ ಮನೆಗಳಿಗೆ ಕೊಟ್ಟ ವಿದ್ಯುತ್ತೂ ಆ ಬೆಳಕಿನಲ್ಲಿ ಸೇರಿದೆ ಎಂದೇ ನಾನು ಓದಿಕೊಳ್ಳುತ್ತೇನೆ.

ಮುಂದಿನ ನುಡಿಯಲ್ಲಿ ಶಾಸನ, ಓಲೆಗರಿ, ದೇಗುಲದ ಗೋಡೆಗಳು. ನೆಲವಾದ ಮೇಲೆ ಆ ನೆಲದ ಚರಿತ್ರೆ, ಕೊನೆಗೆ ಅಲ್ಲಿ ಬದುಕುವವರ ಮನಸ್ಸು: ಪದರ ಪದರವಾಗಿ ನೋಡಿ ರೂಢಿಯಾದವರ ಕ್ರಮವಿದು. 1936ರಲ್ಲಿ ದೇವನಹಳ್ಳಿಯ ಮುಸ್ಲಿಂ ಮನೆಯಲ್ಲಿ ಹುಟ್ಟಿದ ಕವಿ ದೇಗುಲದ ಗೋಡೆಯನ್ನು ತನ್ನದೆಂದೇ ಹಾಡಿದ್ದಾರೆ. ಹಾಗಾಗಿಯೇ ಕುಲ ಎಣಿಸದ ನಾಡು ಎಂದು ಅವರು ಹೇಳಿದರೆ ನನಗೆ ಪೂರ್ತಿ ನಂಬಿಕೆ ಬರುತ್ತದೆ.

ಇಷ್ಟು ಬಿಗಿಯಾದ ಸಮಾಸಗಳ ಪದ್ಯ ಪುಸ್ತಕದಲ್ಲೇ ಉಳಿದುಬಿಡಬಹುದಿತ್ತು. ಮೈಸೂರು ಅನಂತಸ್ವಾಮಿ ಅದಕ್ಕೆ ರಾಗ ಹಾಕಿದರು. 1978ರಲ್ಲಿ ಬಂದ ‘ನಿತ್ಯೋತ್ಸವ’ ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್. ಅನಂತಸ್ವಾಮಿ ಕವಿತೆಯ ನಡೆಯನ್ನು ಎಷ್ಟು ಚೆನ್ನಾಗಿ ಹಿಡಿದಿದ್ದಾರೆ ಎಂದರೆ, ‘ಬೆಳಕಿನಲ್ಲಿ’, ‘ಬಳುಕಿನಲ್ಲಿ’ ಎಂದು ಮುಗಿಯದೆ ಬೆಳೆಯುವ ಸಾಲುಗಳೊಂದಿಗೆ ಕೇಳುವವರೂ ಕಾಯುತ್ತಾರೆ. ಪಲ್ಲವಿಗೆ ಮರಳಿದಾಗಲೇ ವಾಕ್ಯ ಪೂರ್ಣ, ಉಸಿರೂ ನಿರಾಳ. ಅರ್ಥವಾಗದ ಪದಗಳನ್ನೂ ಮಕ್ಕಳು ಗಂಟಲು ತುಂಬಿ ಹಾಡುವುದು ಈ ಕಾಯುವಿಕೆಯ ಸುಖಕ್ಕೇ ಇರಬೇಕು.

ಈ ಹಾಡು ಕಲಿಸುವ ಮೇಷ್ಟ್ರುಗಳು, ಟೀಚರುಗಳು ಒಂದು ತುಂಡು ಅದಿರನ್ನೂ ತರಗತಿಗೆ ತಂದು ಮಕ್ಕಳ ಕೈಗೆ ಕೊಡಲಿ ಎಂಬುದು ನನ್ನ ಆಸೆ. ಸಂಡೂರಿಗೋ ಬಾಬಾಬುಡನ್‌ಗಿರಿಯ ಕಡೆಗೋ ಹೋಗಿಬರುವವರನ್ನು ಕೇಳಿದರೆ ತಂದುಕೊಟ್ಟಾರು.