ಬಣ್ಣ ಒರೆಸಿ ಕೊನೆಯ ಲೋಕಲ್ಲಿಗೆ

ಭಾನುವಾರ ರಾತ್ರಿ ದಾದರಿನಲ್ಲಿ ಕಲ್ಯಾಣದ ಗಾಡಿ ಹತ್ತುವವರಲ್ಲಿ ಒಬ್ಬರ ಕಿವಿಯ ಹಿಂದೆ ಇನ್ನೂ ಗುಲಾಬಿ ಬಣ್ಣ ಉಳಿದಿರುತ್ತಿತ್ತು. ತೆಂಗಿನೆಣ್ಣೆ ಹಾಕಿ ಎಷ್ಟು ಒರೆಸಿದರೂ ಅಲ್ಲಿಗೆ ಕೈ ಹೋಗುತ್ತಿರಲಿಲ್ಲ. ಗಾಡಿ ತಪ್ಪುವ ಭಯ. ಮಾಟುಂಗದ ಸಭಾಂಗಣದಲ್ಲಿ ಹತ್ತು ನಿಮಿಷದ ಹಿಂದೆ ಮಹಾರಾಜನಾಗಿದ್ದವರು ಈಗ ಬಾಗಿಲಿನ ಕಂಬ ಹಿಡಿದು ನಿಂತಿದ್ದಾರೆ. ಖಾಯಂ ಪ್ರಯಾಣಿಕರಿಗೆ ಅವರ ಪರಿಚಯವಿತ್ತು. ‘ಇವತ್ತು ಯಾವ ರಾಜ?’ ಎಂದು ಮರಾಠಿಯಲ್ಲಿ ಕೇಳುತ್ತಿದ್ದರು. ಡೊಂಬಿವಲಿ ಬರುವ ತನಕ ಕತೆ ಹೇಳಬೇಕಾಗುತ್ತಿತ್ತು.

ಈಗ ಅವರಿಗೆ ಎಪ್ಪತ್ತು ದಾಟಿದೆ. ‘ಹೆಸರು ಬೇಡ, ಊರಿನವರು ತಮಾಷೆ ಮಾಡುತ್ತಾರೆ’ ಎನ್ನುತ್ತಾರೆ. 1970ರಲ್ಲಿ ಉಡುಪಿ ಕಡೆಯಿಂದ ಹದಿನಾರರ ಹುಡುಗನಾಗಿ ಬಂದು ಫೋರ್ಟಿನ ಹೋಟೆಲಿನಲ್ಲಿ ಟೇಬಲ್ ಒರೆಸಿದರು, ರಾತ್ರಿ ಶಾಲೆಯಲ್ಲಿ ಓದಿದರು. ಬಣ್ಣ ಹಚ್ಚಿದ್ದು ಅದೇ ಶಾಲೆಯ ವಾರ್ಷಿಕೋತ್ಸವದಲ್ಲಿ. ಮುಂಬಯಿ ಕನ್ನಡಿಗರ ಮೊದಲ ನಟನಾ ಶಾಲೆ ಯಾವುದು ಎಂದು ಕೇಳಿದರೆ ಆ ಕಾಲದವರು ರಾತ್ರಿ ಶಾಲೆಯ ಕಡೆಗೇ ಬೆರಳು ತೋರುತ್ತಾರೆ. ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದ ಹುಡುಗರು ರಾತ್ರಿ ಪಾಠ ಮುಗಿದ ಮೇಲೆ ಬೆಂಚು ಸರಿಸಿ ತಾಲೀಮು ಮಾಡುತ್ತಿದ್ದರು. ಒಬ್ಬ ಮಾಸ್ತರರೇ ನಿರ್ದೇಶಕರು, ಅವರೇ ಪ್ರಾಂಪ್ಟರ್.

ಶಾಲೆಯಿಂದ ಕನ್ನಡ ಸಂಘದ ವೇದಿಕೆಗೆ ಬಂದರೂ ಮೂರು ತಿಂಗಳ ತಾಲೀಮಿಗೆ ಒಂದೇ ಪ್ರದರ್ಶನ. ಭಾಷಣ, ಶಾಲು, ಹಾರ ಎಲ್ಲ ಮುಗಿದು ಪರದೆ ಸರಿಯುವಾಗ ಅರ್ಧ ಸಭೆ ರೈಲಿನ ಯೋಚನೆಯಲ್ಲಿರುತ್ತಿತ್ತು. ಹಣದ ಮಾತೇ ಇಲ್ಲ. ಇಡೀ ನಾಟಕದಲ್ಲಿ ಲಕೋಟೆ ಸಿಗುತ್ತಿದ್ದದ್ದು ಇಬ್ಬರಿಗೆ: ಬಣ್ಣದವನಿಗೆ ಮತ್ತು ಹೊರಗಿನಿಂದ ಕರೆಸಿದ ನಟಿಗೆ. ನಾಯಕನ ಪಾತ್ರ ಮಾಡಿದವನು ರೈಲು ಟಿಕೆಟ್ಟಿನ ದುಡ್ಡನ್ನೂ ಕೈಯಿಂದಲೇ ಹಾಕುತ್ತಿದ್ದ.

ಹಾಗಾದರೆ ಹೊಟ್ಟೆಗೆ? ಅದಕ್ಕೆ ಬ್ಯಾಂಕ್ ಇತ್ತು. 1969ರಲ್ಲಿ ಕೆನರಾ, ಸಿಂಡಿಕೇಟ್, 1980ರಲ್ಲಿ ವಿಜಯಾ, ಕಾರ್ಪೊರೇಷನ್ ಬ್ಯಾಂಕುಗಳು ರಾಷ್ಟ್ರೀಕರಣವಾದವು. ಕರಾವಳಿಯಲ್ಲಿ ಹುಟ್ಟಿದ ಈ ನಾಲ್ಕೂ ಬ್ಯಾಂಕುಗಳ ಮುಂಬಯಿ ಶಾಖೆಗಳಲ್ಲಿ ಒಂದಲ್ಲ ಒಂದು ಕೌಂಟರಿನ ಹಿಂದೆ ಒಬ್ಬ ಹವ್ಯಾಸಿ ನಟ ಕೂತಿರುತ್ತಿದ್ದ. ನಮ್ಮ ಮಹಾರಾಜರಿಗೂ 1977ರಲ್ಲಿ ಬ್ಯಾಂಕಿನ ಕೆಲಸ ಸಿಕ್ಕಿತು. ನಾಲ್ಕು ವರ್ಷ ಬಿಟ್ಟು ಡೊಂಬಿವಲಿಯಲ್ಲಿ ಒಂದು ಖೋಲಿ, ಒಂದು ಅಡುಗೆಮನೆ. ಫೋರ್ಟಿನಲ್ಲಿ ಆ ದುಡ್ಡಿಗೆ ಹಾಸಿಗೆ ಬಿಡಿಸುವಷ್ಟು ಜಾಗವೂ ಬರುತ್ತಿರಲಿಲ್ಲ.

ಆ ಬ್ಯಾಂಕುಗಳ ಹೆಸರಿನಲ್ಲಿ ಈಗ ಉಳಿದಿರುವುದು ಕೆನರಾ ಒಂದೇ. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು, ಮರುವರ್ಷ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಸೇರಿತು.

ನಮ್ಮ ಮಹಾರಾಜರಿಗೆ ನಿಜವಾದ ಪೆಟ್ಟು ಬಿದ್ದದ್ದು ಠಾಣೆಯಲ್ಲಿ. ಮಾಸುಂದಾ ತಲಾವದ ದಡದಲ್ಲಿ 1978ರಲ್ಲಿ ಗಡ್ಕರಿ ರಂಗಾಯತನ ಎಂಬ ರಂಗಮಂದಿರ ಶುರುವಾಗಿತ್ತು. ಒಂದು ಶನಿವಾರ ಮರಾಠಿ ನಾಟಕ ನೋಡಲು ಹೋದರು. ಹೊರಗೆ ಟಿಕೆಟ್ ಕಿಟಕಿಯ ಮುಂದೆ ಸಾಲು. ಮನೆಮಂದಿಯೆಲ್ಲ ದುಡ್ಡು ಕೊಟ್ಟು ಬಂದಿದ್ದಾರೆ, ಮಧ್ಯಂತರದಲ್ಲಿ ಬಟಾಟೆ ವಡೆ ತಿನ್ನುತ್ತಿದ್ದಾರೆ. ಸನ್ಮಾನವಿಲ್ಲ, ಭಾಷಣವಿಲ್ಲ. ನಟರಿಗೆ ಪ್ರಯೋಗಕ್ಕೆ ಇಂತಿಷ್ಟು ಎಂದು ‘ನೈಟ್’ ಸಿಗುತ್ತದೆ, ಅದೇ ನಾಟಕ ನಾಳೆ ಡೊಂಬಿವಲಿ ಕಡೆ, ನಾಡಿದ್ದು ಪುಣೆಗೆ ಎಂದು ಯಾರೋ ಹೇಳಿದರು. ‘ನಾವು ಒಂದೇ ಸಲ ಆಡಿ ಮುಗಿಸುತ್ತಿದ್ದುದನ್ನು ಇವರು ನೂರು ಸಲ ಆಡುತ್ತಿದ್ದರು. ನೂರನೆಯ ಸಲ ಆಡುವವನಿಗೆ ನಟನೆ ಬರದೆ ಇನ್ನೇನು ಮಾಡುತ್ತದೆ?’ ಎಂದು ಅವರು ಈಗಲೂ ಕೇಳುತ್ತಾರೆ.

ಇದರಲ್ಲೊಂದು ಚೋದ್ಯವಿದೆ. 1842ರ ಸುಮಾರಿಗೆ ಉತ್ತರ ಕನ್ನಡದ ಭಾಗವತರ ಮೇಳವೊಂದು ಸಾಂಗ್ಲಿಗೆ ಹೋಗಿ ಆಟ ಆಡಿತು. ಅದನ್ನು ನೋಡಿದ ಅಲ್ಲಿನ ರಾಜ ಚಿಂತಾಮಣರಾವ್ ಪಟವರ್ಧನರು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಮರಾಠಿಯಲ್ಲೂ ಅಂಥದ್ದೊಂದನ್ನು ಕಟ್ಟಲು ಹೇಳಿದರು. 1843ರ ‘ಸೀತಾ ಸ್ವಯಂವರ’ ಬಂದದ್ದು ಹಾಗೆ. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಅಲ್ಲಿಂದ ಎಣಿಸುತ್ತದೆ. 1853ರಲ್ಲಿ ಭಾವೆಯವರ ಮಂಡಳಿ ಮುಂಬಯಿಗೆ ಬಂದು ಟಿಕೆಟ್ ಇಟ್ಟು ಆಡಿತು. ಅದೇ ವರ್ಷ ಏಪ್ರಿಲ್ 16ಕ್ಕೆ ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರ್ ದೂರ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು. ಟಿಕೆಟ್ ಇಟ್ಟ ನಾಟಕ, ಟಿಕೆಟ್ ತೆಗೆದು ಹತ್ತುವ ರೈಲು ಎರಡೂ ಈ ಸೀಮೆಗೆ ಒಟ್ಟಿಗೇ ಬಂದವು. ವಾಶಿಯ ನಾಟ್ಯಗೃಹಕ್ಕೆ ಇಟ್ಟಿರುವುದು ಇದೇ ಭಾವೆಯವರ ಹೆಸರನ್ನು. ಅಲ್ಲಿ ಕನ್ನಡ, ತುಳು ಕಾರ್ಯಕ್ರಮ ನಡೆದಾಗ ನಮ್ಮವರು ಪುಕ್ಕಟೆ ಪಾಸ್ ಹಿಡಿದುಕೊಂಡು ಒಳಗೆ ಹೋಗುತ್ತಾರೆ.

ಠಾಣೆಯ ಇನ್ನೊಂದು ರಂಗಮಂದಿರಕ್ಕೆ ಡಾ. ಕಾಶಿನಾಥ ಘಾಣೇಕರರ ಹೆಸರಿದೆ. ಸಂಭಾಜಿಯ ಪಾತ್ರದಿಂದ ಮರಾಠಿ ರಂಗದ ದೊಡ್ಡ ತಾರೆಯಾದ ಅವರು ಓದಿದ್ದು ದಂತವೈದ್ಯಕೀಯ. ‘ಡಾಕ್ಟರಿಗೇ ಇನ್ನೊಂದು ಕಸುಬು ಬೇಕಾಗಿತ್ತು, ನಾನು ಬ್ಯಾಂಕ್ ಬಿಡಬೇಕಿತ್ತಾ?’ ಎಂದು ನಮ್ಮ ಮಹಾರಾಜರು ನಗುತ್ತಾರೆ.

ಬಿಟ್ಟವರು, ಬಿಟ್ಟು ಗೆದ್ದವರು ಇರಲಿಲ್ಲವೆಂದಲ್ಲ. ಮುಂಬಯಿಯ ಕನ್ನಡ ರಂಗದಲ್ಲಿ ಬೆಳೆದ ಸದಾನಂದ ಸುವರ್ಣರು ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ ನಿರ್ಮಾಪಕರಾದರು, 1977ರ ಅತ್ಯುತ್ತಮ ಚಿತ್ರವೆಂದು ಅದಕ್ಕೆ ಸ್ವರ್ಣಕಮಲ ಬಂತು. ಮುಂದೆ ದೂರದರ್ಶನಕ್ಕೆ ಅವರು ‘ಗುಡ್ಡದ ಭೂತ’ ಮಾಡಿದಾಗ ಅದರಲ್ಲಿ ಪ್ರಕಾಶ್ ರೈ ನಟಿಸಿದ್ದರು. 2024ರಲ್ಲಿ ಸುವರ್ಣರು ತೀರಿಕೊಂಡ ದಿನ ಡೊಂಬಿವಲಿಯ ಈ ಮನೆಯಲ್ಲಿ ಟಿ.ವಿ. ಹಚ್ಚಲಿಲ್ಲ.

ಬ್ಯಾಂಕಿನ ಆಚೆ ನಮ್ಮ ಮಹಾರಾಜರಿಗೆ ದುಡ್ಡು ತಂದದ್ದು ಮುಖವಲ್ಲ, ಧ್ವನಿ. ಎಂಬತ್ತರ ದಶಕದಲ್ಲಿ ರೇಡಿಯೊ ಜಾಹೀರಾತುಗಳು ಮುಂಬಯಿಯಲ್ಲಿ ಹಿಂದಿಯಲ್ಲಿ ತಯಾರಾಗಿ, ಅಲ್ಲೇ ಹತ್ತು ಭಾಷೆಗೆ ಹೋಗುತ್ತಿದ್ದವು. ಕನ್ನಡ ಓದುವವರು ಬೇಕು ಎಂದು ಯಾರೋ ಕರೆದೊಯ್ದರು. ಸಾಬೂನು, ಗೊಬ್ಬರ, ತಲೆನೋವಿನ ಮಾತ್ರೆ. ಹಿಂದಿಯಲ್ಲಿ ಮೂವತ್ತು ಸೆಕೆಂಡಿಗೆ ಸರಿಹೋಗುವುದು ಕನ್ನಡದಲ್ಲಿ ನಲವತ್ತಾಗುತ್ತದೆ. ಮೈಕಿನ ಮುಂದೆ ನಿಂತೇ ಶಬ್ದ ಕತ್ತರಿಸಬೇಕು. ಇನ್ನೊಂದು ತೊಡಕು ನಾಲಗೆಯದು. ‘ನಿಮ್ಮದು ಮಂಗಳೂರು ಕನ್ನಡ, ನಮಗೆ ಬೆಂಗಳೂರಿನದ್ದು ಬೇಕು’ ಎಂದು ಎರಡು ಸಲ ವಾಪಸು ಕಳಿಸಿದರು. ಆಮೇಲೆ ಅವರು ಬೆಳಿಗ್ಗೆ ಬೆಳಿಗ್ಗೆ ಕನ್ನಡ ವಾರ್ತೆ ಕೇಳಿ ಹಾಗೇ ಹೇಳಿ ಹೇಳಿ ರೂಢಿ ಮಾಡಿಕೊಂಡರು. ನಟನೆಯಿಂದ ಬಂದ ಮೊದಲ ಚೆಕ್ ಹಲ್ಲುಪುಡಿಯದ್ದು.

ರೈಲು ಇಲ್ಲಿ ಬರೀ ವಾಹನವಲ್ಲ. ಯಾರು ಯಾರ ಜೊತೆ ನಾಟಕ ಆಡಬಹುದು ಎಂದು ನಿಶ್ಚಯಿಸುವುದೂ ಅದೇ. ವಾಶಿಗೆ ಲೋಕಲ್ ಬಂದದ್ದು 1992ರಲ್ಲಿ, ಅದೂ ಮಾನಖುರ್ದ್ ಕಡೆಯಿಂದ. ಡೊಂಬಿವಲಿಯವರು ವಾಶಿಗೆ ತಾಲೀಮಿಗೆ ಹೋಗಬೇಕೆಂದರೆ ಠಾಣೆಯಲ್ಲಿ ಇಳಿದು ಬಸ್ಸಿಗೆ ಕಾಯಬೇಕಿತ್ತು. 2004ರಲ್ಲಿ ಠಾಣೆಯಿಂದ ವಾಶಿ ಕಡೆಗೆ ನೇರ ಗಾಡಿ ಓಡತೊಡಗಿದ ಮೇಲೆ ಕಲ್ಯಾಣದ ಕೃಷ್ಣ, ನೆರೂಳಿನ ಅರ್ಜುನ ಒಂದೇ ವಾರದಲ್ಲಿ ಮೂರು ಸಲ ಸೇರುವುದು ಸಾಧ್ಯವಾಯಿತು. ಆದರೆ ಅಷ್ಟರಲ್ಲಿ ಹುಡುಗರ ಕಣ್ಣು ಸಂಘದ ವೇದಿಕೆಯ ಮೇಲಿರಲಿಲ್ಲ. 1992ರಲ್ಲೇ ಝೀ ಟಿ.ವಿ. ಬಂದಿತ್ತು. ದೈನಂದಿನ ಧಾರಾವಾಹಿಗಳು ಹೆಚ್ಚಿದಂತೆ ಸೆಟ್ಟುಗಳು ಗೋರೆಗಾಂವಿನ ಫಿಲ್ಮ್ ಸಿಟಿ ದಾಟಿ ಮೀರಾ ರೋಡ್, ನಾಯಗಾಂವ್, ಠಾಣೆಯ ಘೋಡ್‌ಬಂದರ್ ರಸ್ತೆಗೆ ಬಂದವು. 2005ರಲ್ಲಿ ಕರ್ಜತಿನಲ್ಲಿ ಕಲಾ ನಿರ್ದೇಶಕ ನಿತಿನ್ ದೇಸಾಯಿಯವರ ಸ್ಟುಡಿಯೊ ಆಯಿತು. ನಟನೆ ಮಾಡಬೇಕಾದರೆ ಅಂಧೇರಿಯಲ್ಲೇ ಸಾಯಬೇಕು ಎಂಬ ಮಾತು ಸ್ವಲ್ಪ ಸಡಿಲವಾಯಿತು.

ಸಡಿಲವಾಯಿತಷ್ಟೆ. ಆಡಿಷನ್ ಮಾತ್ರ ಅಂಧೇರಿ–ವರ್ಸೋವಾದಲ್ಲೇ, ಆರಾಮ್ ನಗರದ ಹಳೇ ಬಂಗಲೆಗಳಲ್ಲೇ. ಡೊಂಬಿವಲಿಯಿಂದ ದಾದರಿಗೆ ಹೋಗಿ, ಸೇತುವೆ ಹತ್ತಿ ಇಳಿದು, ಪಶ್ಚಿಮ ರೈಲ್ವೆಯಲ್ಲಿ ಅಂಧೇರಿ, ಅಲ್ಲಿಂದ ರಿಕ್ಷಾ. ಇಸ್ತ್ರಿ ಮಾಡಿದ ಅಂಗಿ ದಾದರಿನಲ್ಲೇ ಮುದುರುತ್ತಿತ್ತು. 2014ರ ಜೂನಿನಲ್ಲಿ ಘಾಟ್ಕೋಪರ್–ವರ್ಸೋವಾ ಮೆಟ್ರೊ ಶುರುವಾಯಿತು. ಮಹಾರಾಜರು ಬ್ಯಾಂಕಿನಿಂದ ನಿವೃತ್ತರಾದದ್ದೂ ಅದೇ ವರ್ಷ. ಎ.ಸಿ. ಡಬ್ಬಿಯಲ್ಲಿ ಕೂತು, ಅರವತ್ತನೇ ವಯಸ್ಸಿನಲ್ಲಿ, ಅವರು ಮೊದಲ ಸಲ ಜಾಹೀರಾತಿನ ‘ಅಜ್ಜ’ನ ಪಾತ್ರಕ್ಕೆ ಹೋದರು.

ಗೇಟಿನಲ್ಲಿ ಒಬ್ಬ ಹುಡುಗ ಮುಖ ನೋಡಿದ. ‘ನಾಟ್ ಫಿಟ್’ ಎಂದ. ಅಷ್ಟೇ. ನಲವತ್ತು ವರ್ಷ ರಾಜನಾಗಿದ್ದವರಿಗೆ ಎರಡು ಶಬ್ದದಲ್ಲಿ ತೀರ್ಪು. ಹೊರಗೆ ಚಹದ ಗಾಡಿಯ ಬಳಿ ಇಪ್ಪತ್ತರ ಹುಡುಗರು ಸಮಾಧಾನ ಹೇಳಿದರು: ‘ಅಂಕಲ್, ಇದು ಬೈಗುಳ ಅಲ್ಲ. ಅವರಿಗೆ ಬೇಕಾದ ಅಜ್ಜ ದಪ್ಪ ಇರಬೇಕು, ಅಷ್ಟೇ.’ ಆ ವರ್ಷ ಅವರು ಮೂವತ್ತೆಂಟು ಕಡೆ ಹೋದರು, ಮೂರು ಕೆಲಸ ಸಿಕ್ಕಿತು. ಬ್ಯಾಂಕಿನ ರೂಢಿ ಬಿಡದೆ ಡೈರಿಯಲ್ಲಿ ಲೆಕ್ಕ ಬರೆದಿಟ್ಟಿದ್ದಾರೆ.

ಆ ಡೈರಿ ಈಗ ಕಲ್ಯಾಣದಲ್ಲಿರುವ ತಮ್ಮನ ಮಗಳಿಗೆ ಪಠ್ಯಪುಸ್ತಕ. ಕಾಲೇಜಿನ ಮರಾಠಿ ಏಕಾಂಕ ಸ್ಪರ್ಧೆಯಲ್ಲಿ ಬಹುಮಾನ ಪಡೆದ ಮೇಲೆ ಅವಳು ಬಂದು ಕೂತು ಕೇಳಿದಳು:

‘ದೊಡ್ಡಪ್ಪ, ಕೋರ್ಸ್ ಮಾಡಬೇಕಾ?’

‘ಮಾಡುವುದಾದರೆ ಸರಿಯಾದದ್ದು ಮಾಡು ಮಾರಾಯ್ತಿ. ಹೆಗ್ಗೋಡಿನ ನೀನಾಸಂ 1980ರಿಂದ ಕಲಿಸುತ್ತಾ ಉಂಟು, ಅಲ್ಲೇ ಇದ್ದು ಕಲಿಯಬೇಕು. ದಿಲ್ಲಿಯ ಎನ್.ಎಸ್.ಡಿ. ಮೂರು ವರ್ಷ. ಹದಿನೈದು ದಿನದಲ್ಲಿ ಸ್ಟಾರ್ ಮಾಡುತ್ತೇನೆ ಎನ್ನುವವನ ಹತ್ತಿರ ಹೋಗಬೇಡ.’

‘ಆಡಿಷನ್‌ಗೆ ದುಡ್ಡು ಕೇಳಿದರೆ?’

‘ಎದ್ದು ಬಾ. ಕೆಲಸ ಕೊಡುವವನು ದುಡ್ಡು ಕೊಡಬೇಕು, ಕೇಳಬಾರದು.’

ಉಳಿದದ್ದು ಡೈರಿಯಲ್ಲಿದೆ. ಧಾರಾವಾಹಿಯ ಶಿಫ್ಟು ಸಾಮಾನ್ಯವಾಗಿ 12 ಗಂಟೆ. ಹಣ ಬರುವುದು 90 ದಿನದ ಮೇಲೆ. ಅಂದರೆ ಮೊದಲ ಮೂರು ತಿಂಗಳು ರೈಲಿನ ಪಾಸ್, ಊಟ, ಬಟ್ಟೆ ಎಲ್ಲ ಕೈಯಿಂದ. ಆ ಹಣದಲ್ಲಿ ಕೋಆರ್ಡಿನೇಟರಿನ ಕಮಿಷನ್ ಹೋಗುತ್ತದೆ, ಶೇಕಡಾ 10 ಟಿ.ಡಿ.ಎಸ್. ಹಿಡಿಯುತ್ತಾರೆ. ರಿಟರ್ನ್ ತುಂಬದಿದ್ದರೆ ಅದು ಮರಳಿ ಬರುವುದಿಲ್ಲ. ಕಲಾವಿದರಿಗೆ ‘ಸಿಂಟಾ’ ಎಂಬ ಸಂಘ 1958ರಿಂದ ಇದೆ; ಕಾರ್ಡ್ ಇದ್ದರೆ ಬಾಕಿ ಹಣಕ್ಕೆ ಬಾಗಿಲು ತಟ್ಟಲು ಒಂದು ಜಾಗವಾದರೂ ಉಂಟು. ದೊಡ್ಡಪ್ಪನಿಗೆ ಒಂದು ಕಂಪೆನಿಯಿಂದ ಎರಡು ದಿನದ ಸಂಬಳ ಇವತ್ತಿಗೂ ಬಂದಿಲ್ಲ. ಆ ಪುಟಕ್ಕೆ ಕೆಂಪು ಶಾಯಿಯ ಗುರುತು ಹಾಕಿದ್ದಾರೆ.

2020ರ ಮಾರ್ಚಿನಲ್ಲಿ ಶೂಟಿಂಗು ನಿಂತಿತು. ಮತ್ತೆ ಶುರುವಾದಾಗ 65 ದಾಟಿದವರು ಸೆಟ್ಟಿಗೆ ಬರಕೂಡದೆಂದು ಮಹಾರಾಷ್ಟ್ರ ಸರ್ಕಾರ ನಿಯಮ ಮಾಡಿತು. ಅಜ್ಜನ ಪಾತ್ರ ಇರಬಹುದು, ಅಜ್ಜ ಇರಬಾರದು! ಹಿರಿಯ ನಟರೊಬ್ಬರು ಕೋರ್ಟಿಗೆ ಹೋದರು; ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟ್ ಆ ನಿಯಮವನ್ನು ರದ್ದು ಮಾಡಿತು. ಅಷ್ಟರಲ್ಲಿ ದೊಡ್ಡಪ್ಪನ ಕೈ ಹಿಡಿದದ್ದು ಮತ್ತೆ ಧ್ವನಿಯೇ. ಕರ್ನಾಟಕದಲ್ಲಿ ದಶಕಗಳಿಂದ ಡಬ್ಬಿಂಗಿಗಿದ್ದ ಅಡ್ಡಿಯ ವಿರುದ್ಧ 2015ರಲ್ಲಿ ಸ್ಪರ್ಧಾ ಆಯೋಗ ಆದೇಶ ಕೊಟ್ಟಿತ್ತು. ಲಾಕ್‌ಡೌನಿನಲ್ಲಿ ಹೊಸ ಕಂತುಗಳಿಲ್ಲದ ಕನ್ನಡ ವಾಹಿನಿಗಳು ಹಿಂದಿಯ ಪೌರಾಣಿಕಗಳನ್ನು ಕನ್ನಡದಲ್ಲಿ ಹಾಕಿದವು. ಸ್ಟಾರ್ ಸುವರ್ಣದ ‘ಮಹಾಭಾರತ’ ಮನೆಮನೆಯಲ್ಲಿ ಓಡಿತು. ಹಸ್ತಿನಾವತಿಯ ಯಾವುದೋ ಮೂಲೆಯ ಮುದಿ ಮಂತ್ರಿಗೆ ಮಾತು ಬೇಕಾಗುತ್ತದೆ. ಈಗ ಮಂಗಳೂರು ಕನ್ನಡಕ್ಕೆ ಯಾರೂ ತಕರಾರು ಮಾಡುವುದಿಲ್ಲ.

ಅದೇ ಸಮಯಕ್ಕೆ ಆಡಿಷನ್ನೂ ಮನೆಗೆ ಬಂತು. ಕಲ್ಯಾಣದ ಹಾಲಿನಲ್ಲಿ ಬೂದು ಬಣ್ಣದ ಬೆಡ್‌ಶೀಟು ಗೋಡೆಗೆ, ಫೋನು ಸ್ಟೂಲಿನ ಮೇಲೆ. ಹೆಸರು, ವಯಸ್ಸು, ಎತ್ತರ, ಎಡಮುಖ, ಬಲಮುಖ. ಅಳುವ ದೃಶ್ಯದ ಮಧ್ಯೆ ಕುಕ್ಕರ್ ಮೂರು ಸೀಟಿ ಹಾಕುತ್ತದೆ, ಮತ್ತೊಮ್ಮೆ ಅಳಬೇಕು. ಯಾಕೆ ಬೇಡವೆಂದರು ಎಂದು ಹೇಳುವವರಿಲ್ಲ. ಈಗ ‘ನಾಟ್ ಫಿಟ್’ ಕೂಡ ಕೇಳಿಸುವುದಿಲ್ಲ. ರಾತ್ರಿ ಶಾಲೆಯ ನಾಟಕದಲ್ಲಿ ಮಾತು ಮರೆತರೆ ಇಡೀ ಸಭೆ ನಗುತ್ತಿತ್ತು, ಮರುವರ್ಷ ಅದೇ ಸಭೆ ಮತ್ತೆ ಬರುತ್ತಿತ್ತು. ಹತ್ತು ವರ್ಷ ಕೆಟ್ಟದಾಗಿ ಆಡಲು ಬಿಟ್ಟ ಆ ವೇದಿಕೆಯ ಬೆಲೆ ದೊಡ್ಡಪ್ಪನಿಗೆ ತಿಳಿದದ್ದು ತಮ್ಮನ ಮಗಳು ಬೆಡ್‌ಶೀಟಿನ ಮುಂದೆ ಒಬ್ಬಳೇ ನಿಂತದ್ದು ನೋಡಿದ ಮೇಲೆ.

ಕಳೆದ ಬಾರಿ ಸಂಘದ ವಾರ್ಷಿಕೋತ್ಸವದ ನಾಟಕಕ್ಕೆ ನಾಯಕಿ ಸಿಗಲಿಲ್ಲ. ಅವಳನ್ನೇ ಕೇಳಿದರು. ಅವಳಿಗೆ ಮನೆಯಲ್ಲಿ ಕನ್ನಡ ಬರುತ್ತದೆ, ಓದಲು ಬರುವುದಿಲ್ಲ. ದೊಡ್ಡಪ್ಪ ಇಡೀ ಪಾತ್ರವನ್ನು ದೇವನಾಗರಿಯಲ್ಲಿ ಬರೆದುಕೊಟ್ಟರು. ಎರಡು ತಿಂಗಳು ಶನಿವಾರ ಶನಿವಾರ ಅವಳು ತಾಲೀಮಿಗೆ ಬಂದಳು, ಒಂದು ಆಡಿಷನ್ ಬಿಟ್ಟು ಬಂದಳು. ನಾಟಕ ಮುಗಿದ ರಾತ್ರಿ ಕಾರ್ಯದರ್ಶಿಗಳು ಹಳೇ ಪದ್ಧತಿಯಂತೆ ಲಕೋಟೆಯೊಂದನ್ನು ದೊಡ್ಡಪ್ಪನ ಕೈಗಿಟ್ಟು, ‘ನಟಿಯವರಿಗೆ’ ಎಂದರು.

ಕನ್ನಡಿಯ ಮುಂದೆ ಕಿವಿಯ ಹಿಂದೆ ಹತ್ತಿ ಒತ್ತುತ್ತಿದ್ದವಳು ತಿರುಗಿದಳು. ಬಿಚ್ಚಿ ನೋಡಿದಳು, ಎಣಿಸಿದಳು.

‘ದೊಡ್ಡಪ್ಪ, ತೊಂಬತ್ತು ದಿನ ಇಲ್ಲವಾ ಇದಕ್ಕೆ?’

‘ಬೇಗ ಒರೆಸು,’ ಎಂದರು ಅವರು ಗಡಿಯಾರ ನೋಡುತ್ತಾ. ‘ಕಲ್ಯಾಣದ ಗಾಡಿ ತಪ್ಪಿದರೆ ಅದೆಲ್ಲ ರಿಕ್ಷಾಕ್ಕೆ ಹೋಗುತ್ತದೆ.’