ಹತ್ತನೆಯವರಿಗಾಗಿ ಕಾಯುವ ಮಂದಿರ

ಶನಿವಾರ ಮಟ್ಟಂಚೇರಿಗೆ ಹೋಗ್ಬೇಡಿ. ನಾವು ಹೋಗಿ ಪೆಚ್ಚಾದೆವು. ಬೆಂಗಳೂರಿನಿಂದ ರಾತ್ರಿ ಬಸ್ ಹತ್ತಿ, ಅಮ್ಮನನ್ನೂ ಕರ್ಕೊಂಡು ಕೊಚ್ಚಿಯ ಜ್ಯೂ ಟೌನ್ ತಲುಪಿದರೆ ಪರದೇಸಿ ಸಿನಗಾಗ್ ಬಾಗಿಲಿಗೆ ಬೀಗ! ಶನಿವಾರ ಯಹೂದಿಗಳ ಸಬ್ಬತ್. ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ಕತ್ತಲಾಗುವವರೆಗೆ ಕೆಲಸ, ವ್ಯಾಪಾರ, ಒಲೆ ಹಚ್ಚೋದು ಯಾವುದೂ ಇಲ್ಲ. "ನಮ್ಮಜ್ಜಿ ಮಡಿಗಿಂತ ಕಟ್ಟುನಿಟ್ಟು ಕಣೋ" ಅಂದಳು ಅಮ್ಮ.

ಭಾನುವಾರ ಮತ್ತೆ ಹೋದೆವು. ಚಪ್ಪಲಿ ಹೊರಗೆ ಬಿಡಬೇಕು, ಥೇಟ್ ನಮ್ಮ ದೇವಸ್ಥಾನದ ಹಾಗೆ. 1568ರಲ್ಲಿ ಕೊಚ್ಚಿ ರಾಜ ಕೊಟ್ಟ ಜಾಗದಲ್ಲಿ ಕಟ್ಟಿದ್ದು. ಪಕ್ಕದಲ್ಲೇ ಅರಮನೆ, ಭಗವತಿ ಗುಡಿ. ನೆಲಕ್ಕೆ ಚೀನಾದಿಂದ ತರಿಸಿದ ನೀಲಿ-ಬಿಳಿ ಟೈಲ್ಸ್, ಎಲ್ಲವೂ ಕೈಯಲ್ಲೇ ಚಿತ್ರ ಬರೆದವು. ಒಂದೇ ಥರದ್ದು ಎರಡು ಸಿಗುತ್ತಾ ಅಂತ ಅಮ್ಮ ಹುಡುಕ್ತಾ ಕೂತಳು. ಸಿಗಲಿಲ್ಲ.

ಆದರೆ ನನಗೆ ನೆನಪುಳಿದದ್ದು ಒಂದು ಲೆಕ್ಕ. 13 ತುಂಬಿದ ಹತ್ತು ಗಂಡಸರು ಸೇರಿದರಷ್ಟೇ ಇಲ್ಲಿ ಪೂರ್ಣ ಸಾಮೂಹಿಕ ಪ್ರಾರ್ಥನೆ. ಅದಕ್ಕೆ ಮಿನ್ಯಾನ್ ಅಂತ ಹೆಸರು. ಒಬ್ಬರೇ ಕೂತು ಪ್ರಾರ್ಥಿಸಬಹುದು, ಅಡ್ಡಿಯಿಲ್ಲ. ಆದರೆ ಸತ್ತವರಿಗಾಗಿ ಹೇಳುವ ಕಡ್ಡೀಶ್‌ಗೆ ಹತ್ತು ಜನ ಬೇಕೇ ಬೇಕು. 1950ರ ದಶಕದಲ್ಲಿ ಊರಿಗೆ ಊರೇ ಇಸ್ರೇಲಿಗೆ ಹೊರಟಿತು. ಈಗ ಇಲ್ಲಿ ಉಳಿದವರು ಬೆರಳೆಣಿಕೆ. ಹೊರಗಿನಿಂದ ಯಹೂದಿ ಪ್ರವಾಸಿಗರು ಬಂದಾಗ ಲೆಕ್ಕ ತುಂಬಬೇಕು.

ಇನ್ನೊಂದು ವಿಷಯ ಚುಚ್ಚಿತು. ಇದೇ ಮಂದಿರದಲ್ಲಿ ಒಂದು ಕಾಲಕ್ಕೆ, ಗುಲಾಮಗಿರಿಯಿಂದ ಬಿಡುಗಡೆಯಾದವರ ವಂಶದವರು ಅಂತ ಕೆಲವು ಯಹೂದಿಗಳನ್ನೇ ಸಮನಾಗಿ ಕೂರಿಸುತ್ತಿರಲಿಲ್ಲ. ಅವರಲ್ಲೇ ಒಬ್ಬರಾದ ವಕೀಲ ಎ.ಬಿ. ಸೇಲಂ ಗಾಂಧೀಜಿ ದಾರಿಯಲ್ಲಿ ಸತ್ಯಾಗ್ರಹ ಮಾಡಿ ಆ ಪದ್ಧತಿ ಮುರಿದರು. ಜನ ಇದ್ದಾಗ ದೂರ ಇಟ್ಟರು. ಈಗ ಹತ್ತು ತಲೆ ಸಿಗೋದು ಕಷ್ಟ.

"ಹತ್ತು ಜನ ಇಲ್ದಿದ್ರೆ ದೇವ್ರಿಗೆ ಕೇಳಲ್ವಾ?" ಅಂತ ಅಮ್ಮ ಮೊದಲು ನಕ್ಕಳು. ಆಮೇಲೆ ಸುಮ್ಮನಾದಳು. ಹೋದ ವರ್ಷ ತಾತ ತೀರಿಕೊಂಡಾಗ ಮಲೆನಾಡಿನ ನಮ್ಮೂರಲ್ಲಿ ಚಟ್ಟಕ್ಕೆ ಹೆಗಲು ಕೊಡೋಕೆ ನಾಲ್ಕು ಜನ ಗಂಡಸರಿರಲಿಲ್ಲ. ಹುಡುಗರೆಲ್ಲ ಬೆಂಗಳೂರಲ್ಲಿ. ನಾನೂ ತಲುಪಿದ್ದು ಮಧ್ಯಾಹ್ನದ ಮೇಲೆ. ಪಕ್ಕದೂರಿಂದ ಜೀಪಲ್ಲಿ ಜನ ಕರೆಸಿದ್ದರು.

ವಾಪಸ್ ಬರುವಾಗ ಬಸ್ಸಲ್ಲಿ ಅಮ್ಮ ಕೇಳಿದಳು, "ತಾತನ ವರ್ಷದ ತಿಥಿಗೆ ಎಷ್ಟು ಜನ ಬರಬಹುದೋ?" ಬೆರಳು ಮಡಿಸಿ ಎಣಿಸಿದೆ. ಆರಕ್ಕೆ ನಿಂತಿತು.