ಖಾಲಿ ರೈಡ್

ಸುಣ್ಣದ ಪುಡಿ ಬೆರಳ ಸಂದಿಯಿಂದ ಸಣ್ಣಗೆ ಜಾರಬೇಕು. ಮುಷ್ಟಿ ಬಿಗಿಯಾದರೆ ಗೆರೆ ನಡುನಡುವೆ ಕಡಿಯುತ್ತದೆ, ಸಡಿಲವಾದರೆ ಅರ್ಧ ಅಂಕಣಕ್ಕೇ ಬುಟ್ಟಿ ಖಾಲಿ. ಎರಡು ಗೂಟ ನೆಟ್ಟು, ಹುರಿ ಬಿಗಿದು, ಅದರ ಪಕ್ಕದಲ್ಲೇ ಬಗ್ಗಿಕೊಂಡು ಹಿಂದಕ್ಕೆ ಹಿಂದಕ್ಕೆ ನಡೆಯಬೇಕು. ಸುಗಟೂರು ಹೋಬಳಿ ಮಟ್ಟದ ಕ್ರೀಡಾಕೂಟದ ಹಿಂದಿನ ಸಂಜೆ ಈ ಕೆಲಸವನ್ನು ನಾನು ಪಿ.ಟಿ. ಮೇಷ್ಟ್ರಿಗೂ ಬಿಟ್ಟುಕೊಡುವವನಲ್ಲ. ಹೆಡ್‌ಮಾಸ್ಟರಾದ ನಾನು ಪಂಚೆ ಎತ್ತಿಕಟ್ಟಿ ಗೆರೆ ಎಳೆಯುವುದು ಅವರಿಗೆ ಮುಜುಗರ. ನನಗೆ ಮಾತ್ರ ವರ್ಷಕ್ಕೊಮ್ಮೆ ಬರುವ ಹಬ್ಬ. ಮಂಡಿ ನೋವೇನಿದ್ದರೂ ಮರುದಿನದ ಮಾತು.

ನಾನು ಕಬಡ್ಡಿ ಕಲಿತದ್ದು ಮೈದಾನದಲ್ಲಲ್ಲ, ರಾಗಿ ಕಣದಲ್ಲಿ. ನಮ್ಮ ಕೋಲಾರದ ಕಡೆ ಅರ್ಧ ಕನ್ನಡ ಅರ್ಧ ತೆಲುಗು, ಹಾಗಾಗಿ ಆಟಕ್ಕೂ ಎರಡು ಹೆಸರು. ಶಾಲೆಯಲ್ಲಿ ಕಬಡ್ಡಿ, ಕಣದಲ್ಲಿ ಚೆಡುಗುಡು. ಒಕ್ಕಣೆ ಮುಗಿದು ರಾಶಿ ಮನೆ ಸೇರಿದ ಮೇಲೆ ರೋಣಗಲ್ಲನ್ನು ಮೂಲೆಗೆ ಉರುಳಿಸಿದರೆ ಸಗಣಿ ಸಾರಿಸಿದ ಆ ನೆಲ ಬೆಳದಿಂಗಳಲ್ಲಿ ಹಲಗೆಯ ಹಾಗೆ ಹೊಳೆಯುತ್ತಿತ್ತು. ಬಿದ್ದರೆ ಮೊಣಕೈ ತರಚುತ್ತಿರಲಿಲ್ಲ, ಆದರೆ ರಾಗಿ ಹೊಟ್ಟು ಬೆವರಿಗೆ ಅಂಟಿ ರಾತ್ರಿಯೆಲ್ಲ ತುರಿಕೆ. ಸುಗಟೂರೆಂದರೆ ಹೊಸಕೋಟೆಯ ಕೋಟೆ ಕಟ್ಟಿದ ಪಾಳೇಗಾರ ತಮ್ಮೇಗೌಡರ ಸೀಮೆ. ಯಾವ ಹುಡುಗ ಎದುರು ಪಾಳೆಯಕ್ಕೆ ನುಗ್ಗಿದರೂ ಜಗಲಿ ಮೇಲಿನ ಹಿರಿಯರೊಬ್ಬರು ‘ಹೋಗೋ ಪಾಳೇಗಾರ’ ಎಂದು ಕೂಗುತ್ತಿದ್ದರು. ಬಹಳಷ್ಟು ಪಾಳೇಗಾರರು ಮಣ್ಣು ಮುಕ್ಕಿಯೇ ವಾಪಸಾಗುತ್ತಿದ್ದೆವು.

ಟಿವಿಯಲ್ಲಿ ಕಬಡ್ಡಿ ನೋಡಿದವರು ಇದನ್ನು ಹಿಡಿದು ಕೆಡವುವ ಆಟ ಅಂದುಕೊಳ್ಳುತ್ತಾರೆ. ನನಗೆ ಇದು ಉಸಿರಿನ ಆಟ. ಈಗೇನೋ 30 ಸೆಕೆಂಡಿನ ಗಡಿಯಾರ ಬಂದಿದೆ. ನಮ್ಮ ಕಾಲದಲ್ಲಿ ಉಸಿರೇ ಗಡಿಯಾರ, ‘ಕಬಡ್ಡಿ ಕಬಡ್ಡಿ’ ಕಡಿದರೆ ನೀನು ಔಟು. ಹಾಗಾಗಿ ಮೊದಲು ಕಲಿಯುವುದು ಓಡುವುದನ್ನಲ್ಲ, ಉಸಿರನ್ನು ಚಿಲ್ಲರೆಯಂತೆ ಎಣಿಸಿ ಖರ್ಚು ಮಾಡುವುದನ್ನು. ಹೋಗುವಾಗ ಎಷ್ಟು, ಅಲ್ಲಿ ಸುಳಿಯಲು ಎಷ್ಟು, ಬರಲು ಎಷ್ಟು. ಎಲ್ಲವನ್ನೂ ಅಲ್ಲೇ ಸುರಿದವನು ಮಧ್ಯರೇಖೆಗೆ ಒಂದು ಗೇಣು ಇರುವಾಗ ಮಲಗುತ್ತಾನೆ. ಆಮೇಲೆ ಪಾದ. ಕಣ್ಣು ಎಡಮೂಲೆಯವನ ಮೇಲಿದ್ದರೆ ಕಾಲು ಬಲಮೂಲೆಯವನನ್ನು ಕೇಳುತ್ತಿರಬೇಕು. ಒಳ್ಳೆಯ ರೈಡರ್ ಹಿಮ್ಮಡಿ ಊರುವುದೇ ಇಲ್ಲ.

ಎಷ್ಟು ನೋಡಿದರೂ ದಣಿಯದ ಒಂದು ನಿಯಮವಿದೆ. ದೊಡ್ಡವರ ಅಂಕಣ 13 ಮೀಟರ್ ಉದ್ದ, ಅಂದರೆ ಒಂದೊಂದು ತಂಡಕ್ಕೆ ಆರೂವರೆ ಮೀಟರ್ ನೆಲ. ಮಧ್ಯರೇಖೆಯಿಂದ 3.75 ಮೀಟರ್ ಒಳಗೆ ಬಾಲ್ಕ್ ಗೆರೆ. ರೈಡರ್ ಯಾರನ್ನೂ ಮುಟ್ಟದಿದ್ದರೂ ಪರವಾಗಿಲ್ಲ, ಆ ಗೆರೆ ದಾಟಿ ಬಂದರೆ ಸಾಕು. ಅಂಕ ಸೊನ್ನೆ, ಆದರೆ ಔಟಲ್ಲ. ಅದನ್ನು ಖಾಲಿ ರೈಡ್ ಅನ್ನುತ್ತಾರೆ. ದಾಟದೆ ಬಂದರೆ ಔಟ್, ಎದುರಾಳಿಗೆ ಒಂದು ಅಂಕ. ಚಪ್ಪಾಳೆ ಬೀಳುವುದು ಮೂವರನ್ನು ಎಳೆದುಕೊಂಡು ಬಂದವನಿಗೆ, ನಿಜ. ನಾನು ಕಂಡ ಒಳ್ಳೆಯ ತಂಡಗಳೆಲ್ಲ ಖಾಲಿ ರೈಡ್‌ಗಳ ಮೇಲೆ ನಿಂತಿದ್ದವು.

ಇದನ್ನು ನಾನು ಹೆಡ್‌ಮಾಸ್ಟರ ಕುರ್ಚಿಯಲ್ಲಿ ಕೂತು ಅರ್ಥ ಮಾಡಿಕೊಂಡದ್ದು 2020ರಲ್ಲಿ. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಕೊರೊನಾದಿಂದಾಗಿ ಜೂನ್ 25ಕ್ಕೆ ಹೋಯಿತು. ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ಶಾಲೆ ಮುಚ್ಚಿದ್ದರೇನು, ಮೇಷ್ಟ್ರೇ ಊರೂರಿಗೆ ಹೋಗಿ ಅರಳಿಕಟ್ಟೆ, ದೇವಸ್ಥಾನದ ಜಗಲಿಗಳಲ್ಲಿ ಪಾಠ ಮಾಡುವ ವಠಾರ ಶಾಲೆ. ಮಕ್ಕಳು ಒಗ್ಗಿಕೊಳ್ಳುವಷ್ಟರಲ್ಲಿ, ಅಕ್ಟೋಬರ್‌ನಲ್ಲಿ, ಅದೂ ನಿಂತಿತು. ಬೆಳಿಗ್ಗೆ ವಾಟ್ಸಾಪಿಗೆ ಬಂದ ಸುತ್ತೋಲೆ ಸಂಜೆಗೆ ಹಳತು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್ ನೋಡುವಾಗ ನನಗೆ ನೆನಪಾದದ್ದು ಅದೇ ಅಕ್ಟೋಬರ್. ಇರಾನ್ ಎದುರು 28-28, ಇನ್ನೇನು ಆಟ ಮುಗಿಯಬೇಕು, ಭಾರತದ ಪವನ್ ಸೆಹ್ರಾವತ್ ರೈಡಿಗೆ ಹೋಗಿ ಯಾರನ್ನೂ ಮುಟ್ಟದೆ ಅಂಕಣದ ಅಂಚಿನ ಲಾಬಿಗೆ ಕಾಲಿಟ್ಟರು, ಹಿಡಿಯುವವರೂ ಹಿಂದೆಯೇ ಬಿದ್ದರು. ಹಳೇ ನಿಯಮವೋ ಹೊಸ ನಿಯಮವೋ ಎಂದು ತೀರ್ಪುಗಾರರೇ ತಡಬಡಾಯಿಸಿ ಆಟ ಸುಮಾರು ಒಂದು ಗಂಟೆ ನಿಂತಿತು. ಕೊನೆಗೆ ಭಾರತ 33-29ಕ್ಕೆ ಗೆದ್ದಿತು ಅನ್ನಿ. 1990ರಿಂದ ಬಿಡದೆ ಗೆದ್ದ ಚಿನ್ನವನ್ನು 2018ರಲ್ಲಿ ಕಳಕೊಂಡ ಗಂಡಸರ ತಂಡಕ್ಕೆ ಅದು ಮರಳಿ ಸಿಕ್ಕಿತು. ನಾನು ನೋಡುತ್ತಿದ್ದದ್ದು ಮಾತ್ರ ಆ ಒಂದು ಗಂಟೆಯಲ್ಲಿ ಆಟಗಾರರ ಮೈಯನ್ನು. ಕೂತವರು ಕಾಲು ನೀವಿಕೊಳ್ಳುತ್ತಿದ್ದರು. ಮೈ ಆರಬಾರದಲ್ಲ.

ವಿದ್ಯಾಗಮ ನಿಂತ ವಾರ ನಮ್ಮ ಹೋಬಳಿಯ ಹೆಡ್‌ಮಾಸ್ಟರುಗಳ ಸಭೆ ಸೇರಿತು. ಶಾಲೆಯೊಂದರ ವರಾಂಡ, ಒಬ್ಬೊಬ್ಬರ ನಡುವೆ ಎರಡು ಮಾರು ದೂರ, ಮುಖಕ್ಕೆ ಮಾಸ್ಕು. ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ, ಅಂದರೆ ಸಿ.ಆರ್.ಪಿ., ನನ್ನ ಕಡೆ ತಿರುಗಿ, “ಸಾರ್, ನೀವು ಸೀನಿಯರು, ನಾಕು ಧೈರ್ಯದ ಮಾತು ಹೇಳಿ” ಅಂದರು. ನನ್ನ ಹತ್ತಿರವೇ ಇಲ್ಲದ ಸರಕು. ಏಕೋಪಾಧ್ಯಾಯ ಶಾಲೆಯ ಮೇಡಂ ಒಬ್ಬರು ನನ್ನನ್ನು ಉಳಿಸಿದರು.

“ನಾನು ಹೋಗ್ತೀನಿ ಸಾರ್, ಬರ್ತೀನಿ. ಒಂದು ಪಾಠಾನೂ ಮುಗಿದಿಲ್ಲ. ಯಾಕೆ ಹೋಗ್ಬೇಕು ಹೇಳಿ?”

ಚಾಕ್‌ಪೀಸ್ ತೆಗೆದುಕೊಂಡು ವರಾಂಡದ ನೆಲದ ಮೇಲೆ ಅಂಕಣ ಬರೆದೆ. ಬಾಲ್ಕ್ ಗೆರೆಯನ್ನು ಎರಡು ಸಲ ತಿದ್ದಿದೆ. “ಪಾಠ ಮುಗಿಸೋದು ಅಂಕ. ಅದು ಈಗ ನಮ್ಮ ಕೈಲಿಲ್ಲ. ಗೆರೆ ಯಾವುದು ಅಂತ ಮಾತ್ರ ತೀರ್ಮಾನ ಮಾಡೋಣ” ಅಂದೆ. ಅರ್ಧ ಗಂಟೆ ವಾದವಾಯಿತು. ಕೊನೆಗೆ ನಿಂತ ಗೆರೆ ಇಷ್ಟು: ವಾರಕ್ಕೊಮ್ಮೆ ಪ್ರತಿ ಮಗುವಿನ ಮುಖ ನೋಡುವುದು, ಆಗದಿದ್ದರೆ ದನಿ ಕೇಳುವುದು. ಸಿಗದ ಮಗುವಿನ ಹೆಸರು ಒಂದು ನೋಟ್ ಪುಸ್ತಕದಲ್ಲಿ, ಕಾಣೆಯಾದ ತಾರೀಖಿನ ಕ್ರಮದಲ್ಲಿ. ಅಷ್ಟಾದರೆ ಆ ವಾರ ಮೇಷ್ಟ್ರು ಔಟಲ್ಲ.

ಮೂಲೆಯಲ್ಲಿ ಕೂತಿದ್ದ ಪ್ರೊ ಕಬಡ್ಡಿ ಭಕ್ತರೊಬ್ಬರು, “ಎರಡು ಖಾಲಿ ಆದ್ಮೇಲೆ ಮೂರನೇದು ಡು ಆರ್ ಡೈ ಅಲ್ವಾ ಸಾರ್? ಸಾಯ್ಬೇಕಲ್ಲ?” ಅಂದರು. ಮಾಸ್ಕಿನೊಳಗೇ ಎಲ್ಲರೂ ನಕ್ಕರು. ಅದು ಆಟಕ್ಕೆ ಬಿಸಿ ಹತ್ತಿಸಲು ಮಾಡಿದ ನಿಯಮ, ಕಣದಲ್ಲಿ ಇರಲಿಲ್ಲ ಅಂದೆ. ಈಗಲೂ ನನಗೆ ಅದರ ಮೇಲೆ ಅಷ್ಟಕ್ಕಷ್ಟೆ. ಮೂರನೇ ಸಲ ಬರಿಗೈಯಲ್ಲಿ ಬಂದವನನ್ನು ಹೊರಗೆ ಕಳಿಸಿದರೆ ನಮ್ಮ ಇಲಾಖೆಯಲ್ಲಿ ಯಾರು ಉಳಿದಾರು?

ತಾರೀಖಿನ ಕ್ರಮ ಅಂದೆನಲ್ಲ, ಅದೂ ಅಂಕಣದಿಂದಲೇ ಬಂದದ್ದು. ಕಬಡ್ಡಿಯಲ್ಲಿ ಔಟಾದವನು ಮನೆಗೆ ಹೋಗುವುದಿಲ್ಲ, ಪಕ್ಕದಲ್ಲಿ ಕೂರುತ್ತಾನೆ. ತಂಡ ಎದುರಾಳಿಯೊಬ್ಬನನ್ನು ಔಟ್ ಮಾಡಿದಾಗೆಲ್ಲ ಕೂತವರಲ್ಲಿ ಒಬ್ಬ ಎದ್ದು ಬರುತ್ತಾನೆ. ಮೊದಲು ಔಟಾದವನು ಮೊದಲು. ನಾಯಕನಿಗೆ ಬೇಕಾದ ಶೂರನನ್ನು ಆರಿಸಿ ಕರೆಯುವ ಹಾಗಿಲ್ಲ. ನಮ್ಮ ನೋಟ್ ಪುಸ್ತಕದಲ್ಲಿ ಮೊದಲನೆಯವನು ಹತ್ತನೇ ಕ್ಲಾಸಿನ ಹುಡುಗ, ಓದಿನಲ್ಲಿ ಹಿಂದು, ಬಂದರೂ ರಿಸಲ್ಟಿಗೆ ಕೂಡುವವನಲ್ಲ. ಅವನನ್ನು ಬಿಟ್ಟು ಚುರುಕಿನವರನ್ನು ಮೊದಲು ಕರೆಯೋಣ ಎಂದು ನನ್ನ ಮನಸ್ಸೇ ಹೇಳಿತು. ಎರಡು ವಾರ ಹಾಗೇ ಮಾಡಿದೆ ಕೂಡ. ಆಮೇಲೆ ನನ್ನ ಗೆರೆಗೆ ನಾನೇ ನಾಚಿ ಆ ಹುಡುಗನ ಮನೆಗೆ ಹೋದೆ.

“ಟೊಮೇಟೊ ಬಿಡ್ಸಾಕೆ ಹೋಗವ್ನೆ ಸಾರ್,” ತಾಯಿ ಅಂದರು. “ಮನೇಲಿದ್ದು ಏನ್ ಮಾಡ್ತಾನೆ?”

ಮೊದಲ ಸಲ ಹುಡುಗ ಸಿಗಲಿಲ್ಲ. ಎರಡನೇ ಸಲ ಸಿಕ್ಕ, ಮಾತಾಡಲಿಲ್ಲ. ಮೂರನೇ ಸಲ ತೋಟಕ್ಕೇ ಹೋದೆ. ಕೋಲಾರದ ಮಂಡಿಗೆ ಹೊರಡಲಿದ್ದ 15 ಕಿಲೋ ಬಾಕ್ಸುಗಳನ್ನು ಟೆಂಪೋಗೆ ಏರಿಸುತ್ತಿದ್ದ. ಬೆರಳೆಲ್ಲ ಟೊಮೇಟೊ ಗಿಡದ ಹಸಿರು ಕರೆ. ತೊಡೆ ನೋಡಿದೆ, ಭುಜ ನೋಡಿದೆ. ಹೆಡ್‌ಮಾಸ್ಟರ್ ಬುದ್ಧಿ ಬಿಟ್ಟುಹೋಗಿ ಹಳೇ ಕ್ಯಾಚರ್ ಬುದ್ಧಿ ಬಂತು. “ಲೇ, ನೀನು ಕವರ್‌ನಲ್ಲಿ ನಿಂತ್ರೆ ಯಾವನು ಆಚೆ ಹೋಗ್ತಾನೋ?” ಅಂದೆ. ನಗಲಿಲ್ಲ, ಆದರೆ ಬಾಕ್ಸು ಕೆಳಗಿಟ್ಟ.

2021ರ ಜನವರಿ 1ಕ್ಕೆ ಹತ್ತನೇ ತರಗತಿ ತೆರೆಯಿತು. ಅವನು ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಜುಲೈ 19 ಮತ್ತು 22ರಂದು ಎರಡೇ ದಿನಗಳಲ್ಲಿ ಮುಗಿದ, ಉತ್ತರಕ್ಕೆ ಗುರುತು ಹಾಕುವ ಆ ವರ್ಷದ ಪರೀಕ್ಷೆಗೂ ಕೂತ. ಅದಕ್ಕಿಂತ ನನಗೆ ನೆನಪಿರುವುದು ಫೆಬ್ರವರಿಯ ಒಂದು ಸಂಜೆ. ಗಂಟೆ ಹೊಡೆದ ಮೇಲೆ ಏಳೆಂಟು ಹುಡುಗರು ಅಂಕಣಕ್ಕಿಳಿದಿದ್ದರು, ಸೀಟಿ ನನ್ನ ಬಾಯಲ್ಲಿ. ಕವರ್‌ನಲ್ಲಿ ನಿಲ್ಲಬೇಕಾದವನು ಹಟ ಹಿಡಿದು ರೈಡಿಗೆ ಹೋದ. ತಿಂಗಳುಗಟ್ಟಲೆ ಆಡದ ಮೈ, ಉಸಿರು ಅರ್ಧಕ್ಕೇ ಒಡೆಯುತ್ತಿತ್ತು. ಎಡಕ್ಕೆ ಸುಳಿದ, ಬಲಕ್ಕೆ ಸುಳಿದ, ಯಾರೂ ಸಿಗಲಿಲ್ಲ, ತಿರುಗಿ ಓಡಿ ಬಂದು ಮಧ್ಯರೇಖೆಯ ಈಚೆ ಮೊಣಕಾಲಿಗೆ ಕೈ ಊರಿ ನಿಂತ.

“ಗೆರೆ ದಾಟಿದ್ನಾ ಸಾರ್?”

“ಇಲ್ಲ ಸಾರ್, ದಾಟಿಲ್ಲ ಸಾರ್” ಎಂದು ಆಚೆಯವರು ಒಂದೇ ಸಮ ಕೂಗಿದರು.

ಬಗ್ಗಿ ನೋಡಿದೆ. ಅಷ್ಟು ಹೊತ್ತು ತುಳಿದ ಕಾಲುಗಳಿಗೆ ಸುಣ್ಣ ಯಾವಾಗಲೋ ಅಳಿಸಿ ಹೋಗಿತ್ತು. ದಾಟಿದೆ ಹೋಗೋ, ಅಂದೆ.